ಪ್ರಶ್ನಾವಳಿಯೋ, ಸಂದರ್ಶನವೋ, ಸರ್ಕಾರಿ ಅಂಕಿಅಂಶವೋ, ಹಳೆಯ ದಾಖಲೆಯೋ? ಕಾಸರಗೋಡಿನ ಪದವಿ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಒಂದು ಹೋಲಿಕೆ

ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಓದುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಪ್ರಾಜೆಕ್ಟ್‌ನ ವಿಷಯ ನಿಶ್ಚಯವಾದ ದಿನವೇ ಗೂಗಲ್ ಫಾರ್ಮ್ ತೆರೆಯುತ್ತಾರೆ. ಇಪ್ಪತ್ತು ಪ್ರಶ್ನೆ, ನೂರು ಉತ್ತರ, ಹತ್ತು ಪೈ ಚಾರ್ಟ್, ಕೊನೆಗೆ ಬೈಂಡಿಂಗ್. ಇದು ಸುಲಭದ ದಾರಿ ಎಂಬ ನಂಬಿಕೆ ಕಾಲೇಜುಗಳಲ್ಲಿ ಬಲವಾಗಿದೆ. ಆದರೆ ಪದವಿ ಮಟ್ಟದಲ್ಲಿ ಸಿಗುವ ನಾಲ್ಕು ಮುಖ್ಯ ದಾರಿಗಳಲ್ಲಿ ಸರಿಯಾಗಿ ಮಾಡಲು ಅತ್ಯಂತ ಕಷ್ಟವಾದದ್ದು ಪ್ರಶ್ನಾವಳಿ ಸಮೀಕ್ಷೆಯೇ. ಉಳಿದ ಮೂರನ್ನೂ ನೋಡಿದ ಮೇಲೆ ಆರಿಸಿಕೊಂಡರೆ ಬರೆದದ್ದಕ್ಕೆ ಬೆಲೆ ಬರುತ್ತದೆ.

ಕೇರಳದಲ್ಲಿ 2024ರಲ್ಲಿ ನಾಲ್ಕು ವರ್ಷದ ಪದವಿ ಶುರುವಾದ ಮೇಲೆ ಈ ಆಯ್ಕೆ ಇನ್ನಷ್ಟು ಮುಖ್ಯವಾಗಿದೆ. ಸಂಶೋಧನೆಯೊಂದಿಗಿನ ಆನರ್ಸ್ ಪದವಿಗೆ ಯುಜಿಸಿ ಚೌಕಟ್ಟಿನಲ್ಲಿ ಪ್ರಾಜೆಕ್ಟ್‌ಗೇ 12 ಕ್ರೆಡಿಟ್ ಇದೆ. ವೈವಾದಲ್ಲಿ ‘ಈ ವಿಧಾನವನ್ನೇ ಯಾಕೆ ಆರಿಸಿದಿರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಹೋಲಿಕೆಗೆ ಒಂದೇ ವಿಷಯವನ್ನು ಹಿಡಿದುಕೊಳ್ಳೋಣ: ಕಾಸರಗೋಡಿನ ಗಡಿ ಪಂಚಾಯತುಗಳಲ್ಲಿ ಕನ್ನಡ ಮಾಧ್ಯಮ ಶಾಲೆಗೆ ಮಕ್ಕಳನ್ನು ಸೇರಿಸುವುದು. ವಿಷಯ ಒಂದೇ ಆದರೂ ವಿಧಾನ ಬದಲಾದಾಗ ಪ್ರಶ್ನೆಯೂ ಬದಲಾಗುತ್ತದೆ. ಎಷ್ಟು ಮಕ್ಕಳು ಸೇರುತ್ತಿದ್ದಾರೆ, ಸಂಖ್ಯೆ ಏರಿದೆಯೇ ಇಳಿದಿದೆಯೇ ಎಂಬುದಕ್ಕೆ ಸರ್ಕಾರಿ ಅಂಕಿಅಂಶ ಬೇಕು. ಒಂದು ವಾರ್ಡಿನಲ್ಲಿ ಎಂಥ ಮನೆಗಳು ಕನ್ನಡ ಮಾಧ್ಯಮವನ್ನು ಆರಿಸುತ್ತವೆ ಎಂಬುದಕ್ಕೆ ಸಮೀಕ್ಷೆ. ಆ ತೀರ್ಮಾನ ಮನೆಯೊಳಗೆ ಹೇಗಾಯಿತು ಎಂಬುದಕ್ಕೆ ಸಂದರ್ಶನ. ಕನ್ನಡ ಮಾಧ್ಯಮಕ್ಕೆ ಕೇರಳದಲ್ಲಿ ಯಾವ ಹಕ್ಕು ಯಾವಾಗ ಸಿಕ್ಕಿತು ಎಂಬುದಕ್ಕೆ ದಾಖಲೆ. ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದು, ಅದರಲ್ಲಿರುವುದು ‘ಎಷ್ಟು’ ಎಂಬ ಪದವೋ, ‘ಯಾರು’ ಎಂಬುದೋ, ‘ಹೇಗೆ’ ಎಂಬುದೋ ನೋಡಿದರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ.

ಪ್ರಶ್ನಾವಳಿ ಸಮೀಕ್ಷೆ

ಸಮೀಕ್ಷೆಯ ಶಕ್ತಿ ಇರುವುದು ಮಾತನಾಡಿಸಿದವರಿಂದ ಮಾತನಾಡಿಸದವರ ಬಗ್ಗೆಯೂ ಹೇಳಬಹುದು ಎಂಬುದರಲ್ಲಿ. ಆ ಶಕ್ತಿ ಬರುವುದು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಜನರನ್ನು ಆರಿಸಿದಾಗ ಮಾತ್ರ. ವಾಟ್ಸಾಪ್ ಗ್ರೂಪಿಗೆ ಲಿಂಕ್ ಹಾಕಿ ಬಂದ ನೂರು ಉತ್ತರಗಳು ನಿಮ್ಮ ಗೆಳೆಯರ, ಅವರ ಅಣ್ಣ ತಮ್ಮಂದಿರ ಅಭಿಪ್ರಾಯ. ಪೈವಳಿಕೆ ಅಥವಾ ಎಣ್ಮಕಜೆ ಪಂಚಾಯತಿನ ಅಭಿಪ್ರಾಯವಲ್ಲ. ಸ್ಮಾರ್ಟ್‌ಫೋನ್ ಬಳಸದ ಅಜ್ಜಿ, ಬೆಳಗಿನಿಂದ ಸಂಜೆವರೆಗೆ ಬೀಡಿ ಕಟ್ಟುವ ತಾಯಿ ಅದರೊಳಗೆ ಬರುವುದೇ ಇಲ್ಲ.

ಇಲ್ಲಿ ಒಂದು ದೊಡ್ಡ ತಪ್ಪು ವರ್ಷ ವರ್ಷವೂ ಮರುಕಳಿಸುತ್ತದೆ. ಎಷ್ಟು ಮನೆಗಳನ್ನು ಕೇಳಬೇಕು ಎಂದು ಕಂಡುಕೊಳ್ಳಲು, ಒಟ್ಟು ಸಂಖ್ಯೆಯನ್ನು ‘ಒಂದು ಕೂಡಿಸು ಒಟ್ಟು ಸಂಖ್ಯೆ ಗುಣಿಸು ದೋಷದ ವರ್ಗ’ದಿಂದ ಭಾಗಿಸುವ ಯಮಾನೆ ಸೂತ್ರವನ್ನು ಬಹುತೇಕ ಪ್ರಾಜೆಕ್ಟ್‌ಗಳಲ್ಲಿ ಹಾಕುತ್ತಾರೆ. ವಾರ್ಡಿನಲ್ಲಿ 400 ಮನೆ ಇದ್ದರೆ, ಶೇ. 5ರ ದೋಷಕ್ಕೆ (ಅಂದರೆ ಫಲಿತಾಂಶ ನಿಜಸ್ಥಿತಿಗಿಂತ ಅಷ್ಟು ಆಚೀಚೆ ಇರಬಹುದು ಎಂದು ಒಪ್ಪಿದರೆ) 200 ಮನೆ ಬೇಕು, ಶೇ. 10ಕ್ಕೆ ಒಪ್ಪಿದರೆ 80 ಸಾಕು. ಲೆಕ್ಕ ಸರಿ. ಆದರೆ ಈ ಸೂತ್ರ ನಿಂತಿರುವುದೇ ಯಾದೃಚ್ಛಿಕ ಆಯ್ಕೆಯ ಮೇಲೆ. ಸೂತ್ರ ಹಾಕಿ 80 ಎಂದು ಕಂಡುಹಿಡಿದು, ಆಮೇಲೆ ಸಿಕ್ಕಿದ 80 ಮಂದಿಯಿಂದ ಫಾರ್ಮ್ ತುಂಬಿಸಿಕೊಂಡರೆ ಆ ಶೇ. 10ಕ್ಕೆ ಅರ್ಥವೇ ಇಲ್ಲ. ಹಾಗೆ ಮಾಡಿದ್ದರೆ ಸೂತ್ರವನ್ನು ತೆಗೆದು, ‘ಅನುಕೂಲಕ್ಕೆ ಸಿಕ್ಕವರ ಮಾದರಿ’ ಎಂದು ನೇರವಾಗಿ ಬರೆಯಿರಿ. ಪರೀಕ್ಷಕರು ಅದನ್ನು ಒಪ್ಪುತ್ತಾರೆ. ಸೂತ್ರದ ಹಿಂದೆ ಅಡಗಿದ್ದನ್ನು ಒಪ್ಪುವುದು ಕಷ್ಟ.

ನಿಜವಾಗಿ ಮಾಡುವುದಾದರೆ ಹೀಗೆ. ಒಂದೇ ವಾರ್ಡು ಆರಿಸಿ. ಮತದಾರರ ಪಟ್ಟಿ ಸಾರ್ವಜನಿಕ ದಾಖಲೆ, ಅದರಲ್ಲಿ ಮನೆ ನಂಬರ್ ಇರುತ್ತದೆ. ಅದರಿಂದ ಮನೆಗಳ ಪಟ್ಟಿ ಮಾಡಿ. 400ರಲ್ಲಿ 80 ಬೇಕಾದರೆ ಐದಕ್ಕೊಂದು ಮನೆ. ಒಂದರಿಂದ ಐದರೊಳಗೆ ಚೀಟಿ ಎತ್ತಿ, 3 ಬಂದರೆ 3, 8, 13 ಹೀಗೆ ಮುಂದುವರಿಸಿ. ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಗೆ ನುಗ್ಗಬೇಡಿ. ಬೇರೆ ಹೊತ್ತಿನಲ್ಲಿ ಇನ್ನೆರಡು ಸಲ ಹೋಗಿ ನೋಡಿ. ಹಗಲು ಬೀಗ ಹಾಕಿರುವ ಮನೆಗಳೆಂದರೆ ಹೆಚ್ಚಾಗಿ ಗಂಡ ಹೆಂಡತಿ ಇಬ್ಬರೂ ದುಡಿಯಲು ಹೋಗುವ ಮನೆಗಳು, ಅವನ್ನು ಬಿಟ್ಟರೆ ಫಲಿತಾಂಶ ಒಂದು ಕಡೆಗೆ ವಾಲುತ್ತದೆ. ಪಟ್ಟಿಯಲ್ಲಿ ಹೆಸರಿದ್ದು ಗಲ್ಫ್‌ನಲ್ಲಿರುವವರು, ಮಂಗಳೂರಿಗೆ ಮನೆ ಬದಲಿಸಿದವರು ಇದ್ದೇ ಇರುತ್ತಾರೆ. ಅಂಥವರೆಷ್ಟು ಎಂದು ಎಣಿಸಿಟ್ಟು ವರದಿಯಲ್ಲಿ ಹೇಳಿ. ಗುಡ್ಡ, ತೋಟಗಳ ನಡುವೆ ಚದುರಿದ ಇಲ್ಲಿನ ಮನೆಗಳಲ್ಲಿ ದಿನಕ್ಕೆ ಎಂಟು ಮನೆ ಮುಗಿಸಿದರೆ ಹೆಚ್ಚು. ಅಂದರೆ 80 ಮನೆಗೆ ಹತ್ತು ಪೂರ್ತಿ ದಿನ, ಮಳೆ ಇಲ್ಲದ ದಿನ.

ಪ್ರಶ್ನೆಗಳು 20-25 ಮೀರಬಾರದು. ಇಂಥದ್ದೊಂದು ಪ್ರಶ್ನೆಯನ್ನು ನೋಡಿ: ‘ಸರ್ಕಾರದ ಮಲತಾಯಿ ಧೋರಣೆಯಿಂದ ಕನ್ನಡ ಶಾಲೆಗಳಲ್ಲಿ ಅಧ್ಯಾಪಕರ ಮತ್ತು ಸೌಕರ್ಯದ ಕೊರತೆಯಾಗಿದೆ ಎಂದು ಒಪ್ಪುತ್ತೀರಾ?’ ಇದರಲ್ಲಿ ಉತ್ತರವೂ ಇದೆ, ಎರಡು ಕೊರತೆಗಳೂ ಇವೆ, ಕಾರಣವೂ ಇದೆ. ‘ಹೌದು’ ಎಂದವರು ಯಾವುದಕ್ಕೆ ಹೌದು ಎಂದರು ಎಂದು ತಿಳಿಯುವಂತಿಲ್ಲ. ಬಿಡಿಸಿ ಬರೆದರೆ ಹೀಗಾಗುತ್ತದೆ: ‘ಈ ವರ್ಷ ನಿಮ್ಮ ಮಗುವಿನ ತರಗತಿಗೆ ಅಧ್ಯಾಪಕರು ಇಲ್ಲದೆ ಪಾಠ ನಿಂತದ್ದುಂಟೇ? ಉಂಟಾದರೆ ಯಾವ ವಿಷಯಕ್ಕೆ, ಸುಮಾರು ಎಷ್ಟು ದಿನ?’ ಅಭಿಪ್ರಾಯ ಕೇಳುವ ಬದಲು ಆದದ್ದನ್ನು ಕೇಳಿ. ಅಭಿಪ್ರಾಯದ ಪ್ರಶ್ನೆ ಕೊನೆಗೆ ಒಂದೆರಡು ಸಾಕು. ಪ್ರಶ್ನೆಗಳನ್ನು ಮೊದಲು ಎಂಟು ಹತ್ತು ಮಂದಿಯ ಹತ್ತಿರ ಕೇಳಿ ನೋಡಿ, ತಡವರಿಸಿದ ಕಡೆ ತಿದ್ದಿ. ಆ ಎಂಟು ಹತ್ತು ಉತ್ತರಗಳನ್ನು ಅಂತಿಮ ಲೆಕ್ಕಕ್ಕೆ ಸೇರಿಸಬೇಡಿ.

ಇನ್ನೊಂದು ಎಡವಟ್ಟು ಕೋಷ್ಟಕದಲ್ಲಿ ಕಾಣುತ್ತದೆ. 60 ಉತ್ತರಗಳನ್ನು ನಾಲ್ಕು ಪಂಚಾಯತು, ಮೂರು ಮನೆಮಾತು ಎಂದು ವಿಂಗಡಿಸಿದರೆ ಹನ್ನೆರಡು ಚೌಕ. ಒಂದೊಂದಕ್ಕೆ ಸರಾಸರಿ ಐದೇ ಜನ. ಎರಡು ಸಂಗತಿಗಳ ನಡುವೆ ಸಂಬಂಧ ಇದೆಯೇ ಎಂದು ನೋಡುವ ಕೈ ವರ್ಗ (chi-square) ಪರೀಕ್ಷೆಗೆ ಪ್ರತಿ ಚೌಕದ ನಿರೀಕ್ಷಿತ ಸಂಖ್ಯೆ ಸಾಮಾನ್ಯವಾಗಿ ಐದಕ್ಕಿಂತ ಕಡಿಮೆ ಇರಬಾರದು, ಹಂಚಿಕೆ ಸಮವಾಗಿರದ ಕಾರಣ ಇಲ್ಲಿ ಹಲವು ಚೌಕಗಳು ಅದಕ್ಕಿಂತ ಕೆಳಗೆ ಹೋಗುತ್ತವೆ. ಆದ್ದರಿಂದ ಕ್ಷೇತ್ರಕ್ಕೆ ಇಳಿಯುವ ಮೊದಲೇ ಖಾಲಿ ಕೋಷ್ಟಕಗಳನ್ನು ಎಳೆದಿಡಿ. ಯಾವ ಕೋಷ್ಟಕಕ್ಕೂ ಬೇಡವಾದ ಪ್ರಶ್ನೆಯನ್ನು ಹೊಡೆದುಹಾಕಿ.

ಸಂದರ್ಶನ

ಒಂದು ಸೆಮಿಸ್ಟರ್, ಒಬ್ಬನೇ ವಿದ್ಯಾರ್ಥಿ, ಸುತ್ತಲೂ ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ ಮಾತನಾಡುವ ಮನೆಗಳು. ಈ ಸ್ಥಿತಿಯಲ್ಲಿ ಹೆಚ್ಚಿನವರಿಗೆ ನಾವು ಸೂಚಿಸುವುದು ಹತ್ತರಿಂದ ಹನ್ನೆರಡು ಆಳವಾದ ಸಂದರ್ಶನಗಳನ್ನು. ಊರಿನ ಭಾಷೆಗಳು ಗೊತ್ತಿರುವುದು ಕಾಸರಗೋಡಿನ ವಿದ್ಯಾರ್ಥಿಯ ದೊಡ್ಡ ಆಸ್ತಿ. ಹೊರಗಿನಿಂದ ಬರುವ ಸಂಶೋಧಕರಿಗೆ ಅದು ಸಿಗುವುದಿಲ್ಲ. ಪ್ರಶ್ನಾವಳಿಯಲ್ಲಿ ಆ ಆಸ್ತಿ ವ್ಯರ್ಥವಾಗುತ್ತದೆ.

ಹನ್ನೆರಡು ಮಂದಿಯನ್ನು ಸುಮ್ಮನೆ ಹುಡುಕುವುದಲ್ಲ, ವ್ಯತ್ಯಾಸ ಕಾಣುವಂತೆ ಆರಿಸಬೇಕು. ಮಗುವನ್ನು ಕನ್ನಡ ಮಾಧ್ಯಮದಲ್ಲೇ ಉಳಿಸಿದ ನಾಲ್ಕು ಮನೆ, ನಡುವೆ ಇಂಗ್ಲಿಷ್ ಅಥವಾ ಮಲಯಾಳಂ ಮಾಧ್ಯಮಕ್ಕೆ ಬದಲಿಸಿದ ನಾಲ್ಕು ಮನೆ, ಒಬ್ಬನನ್ನು ಅಲ್ಲಿ ಇನ್ನೊಬ್ಬನನ್ನು ಇಲ್ಲಿ ಸೇರಿಸಿದ ಎರಡು ಮನೆ, ಇಬ್ಬರು ಅಧ್ಯಾಪಕರು. ಅಣ್ಣ ತಮ್ಮನನ್ನು ಬೇರೆ ಬೇರೆ ಶಾಲೆಗೆ ಹಾಕಿದ ಮನೆಗಳಿಂದ ಕಲಿಯುವುದು ಹೆಚ್ಚು, ಏಕೆಂದರೆ ಅಲ್ಲಿ ತಂದೆ ತಾಯಿ, ಜಾತಿ, ಆದಾಯ ಹೆಚ್ಚಾಗಿ ಒಂದೇ, ಬದಲಾದದ್ದು ಬೇರೇನೋ.

‘ಯಾಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದಿರಿ?’ ಎಂದು ಕೇಳಿದರೆ ಎಲ್ಲರೂ ‘ಮುಂದಕ್ಕೆ ಕೆಲಸ ಸಿಗಬೇಕಲ್ಲ’ ಎನ್ನುತ್ತಾರೆ. ಆ ಪ್ರಶ್ನೆ ವಿಚಾರಣೆಯಂತೆ ಕೇಳಿಸುತ್ತದೆ, ಉತ್ತರವೂ ಸಮರ್ಥನೆಯಾಗಿ ಬರುತ್ತದೆ. ಅದರ ಬದಲು ‘ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಿದ ವರ್ಷ ಏನೇನಾಯಿತು, ಮೊದಲಿಂದ ಹೇಳಿ ಅಕ್ಕಾ’ ಎನ್ನಿ. ಯಾರು ಮೊದಲು ಮಾತೆತ್ತಿದರು, ಯಾವ ಶಾಲೆಯವರು ಮನೆಗೆ ಬಂದರು, ಅಜ್ಜ ಏನೆಂದರು ಎಲ್ಲ ತಾನಾಗಿ ಬರುತ್ತದೆ. ಅವರು ನಿಂತಾಗ ತಕ್ಷಣ ಮುಂದಿನ ಪ್ರಶ್ನೆಗೆ ಹಾರಬೇಡಿ. ‘ಆಮೇಲೆ?’ ಎಂಬುದಕ್ಕಿಂತ ಒಳ್ಳೆಯ ಪ್ರಶ್ನೆ ಸಂದರ್ಶನದಲ್ಲಿ ಬೇರೆ ಇಲ್ಲ.

ಕಷ್ಟ ಇರುವುದು ಬರಹಕ್ಕಿಳಿಸುವಲ್ಲಿ. ಒಂದು ಗಂಟೆಯ ರೆಕಾರ್ಡಿಂಗ್‌ಗೆ ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. ತುಳುವಿನಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬರೆಯುವುದಾದರೆ ಇನ್ನೂ ಹೆಚ್ಚು. ಹನ್ನೆರಡು ಸಂದರ್ಶನಕ್ಕೆ ಐವತ್ತರಿಂದ ಎಪ್ಪತ್ತು ಗಂಟೆಯ ಕೆಲಸ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಎಲ್ಲ ಸಂದರ್ಶನ ಮುಗಿಸಿ ಕೊನೆಗೆ ಬರೆಯುತ್ತೇನೆ ಎಂದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಅಂದಿನದನ್ನು ಎರಡು ದಿನದೊಳಗೆ ಬರೆಯಿರಿ. ಆಗ ಮೊದಲ ಸಂದರ್ಶನದಲ್ಲಿ ಕೇಳಲು ಬಿಟ್ಟದ್ದನ್ನು ಮೂರನೆಯದರಲ್ಲಿ ಕೇಳಬಹುದು. ತುಳುವಿನ ಮಾತನ್ನು ತುಳುವಿನಲ್ಲೇ ಕನ್ನಡ ಲಿಪಿಯಲ್ಲಿ ಬರೆದುಕೊಂಡು, ವರದಿಗೆ ಬಳಸುವ ಭಾಗವನ್ನು ಮಾತ್ರ ಅನುವಾದಿಸಿ. ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ ಇರಲಿ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಹೊಡೆದದ್ದು ಬೇರೆ ಕಂಪ್ಯೂಟರಿನಲ್ಲಿ ಅಕ್ಷರ ಕಳೆದುಕೊಳ್ಳುತ್ತದೆ, ಪದ ಹುಡುಕಲೂ ಆಗುವುದಿಲ್ಲ.

ವಿಶ್ಲೇಷಣೆ ಎಂದರೆ ಏನು ಎಂಬಲ್ಲಿ ಗೊಂದಲ ಹೆಚ್ಚು. ಒಬ್ಬ ತಾಯಿ ‘ಆ ಶಾಲೆಯ ಬಸ್ಸು ಗೇಟಿನವರೆಗೆ ಬರುತ್ತದೆ, ನನ್ನ ತಂಗಿಯ ಮಕ್ಕಳೂ ಅದರಲ್ಲೇ ಹೋಗುತ್ತಾರೆ’ ಎಂದರು ಎಂದುಕೊಳ್ಳಿ. ಅದರ ಪಕ್ಕದಲ್ಲಿ ‘ಇಂಗ್ಲಿಷ್ ವ್ಯಾಮೋಹ’ ಎಂದು ಬರೆದರೆ ಅದು ನಿಮ್ಮ ತೀರ್ಪು, ಅವರ ಮಾತಲ್ಲ. ‘ವಾಹನ’, ‘ನೆಂಟರ ಮಕ್ಕಳ ಜೊತೆ’ ಎಂದು ಎರಡು ಗುರುತು ಹಾಕಿ. ಹನ್ನೆರಡೂ ಬರಹಗಳಿಗೆ ಹೀಗೆ ಗುರುತು ಹಾಕಿ, ಒಂದೇ ಗುರುತಿನ ಸಾಲುಗಳನ್ನು ಒಟ್ಟಿಗೆ ತಂದು ಓದಿದಾಗ, ಮಾಧ್ಯಮದ ಪ್ರಶ್ನೆ ಎಷ್ಟರಮಟ್ಟಿಗೆ ಬಸ್ಸಿನ ಪ್ರಶ್ನೆಯೂ ಆಗಿದೆ ಎಂಬುದು ಕಾಣಬಹುದು. ನಿಮ್ಮ ಅಧ್ಯಾಯಗಳ ತಲೆಬರಹಗಳು ಹುಟ್ಟುವುದು ಅಲ್ಲಿಂದ.

ಸಂದರ್ಶನದಿಂದ ಹೇಳಬಾರದ್ದೂ ಇದೆ. ‘ಹನ್ನೆರಡರಲ್ಲಿ ಒಂಬತ್ತು, ಅಂದರೆ ಶೇ. 75’ ಎಂದು ಬರೆಯಬೇಡಿ. ಆರಿಸಿದವರು ನೀವೇ ಆದ್ದರಿಂದ ಆ ಶೇಕಡಾವಾರು ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಕಾಲ ನೋಡಿ ಹೋಗುವುದೂ ಮುಖ್ಯ. ಯಕ್ಷಗಾನ ಮೇಳದ ಕಲಾವಿದರ ಬದುಕಿನ ಬಗ್ಗೆ ಬರೆಯುವವರು ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ (ಮೇ ತಿಂಗಳ ಕೊನೆಯ ಭಾಗ) ಕಳೆದ ಮೇಲೆ ಹೋಗಲಿ. ತಿರುಗಾಟದ ತಿಂಗಳುಗಳಲ್ಲಿ ಅವರು ರಾತ್ರಿ ರಂಗಸ್ಥಳದಲ್ಲಿದ್ದು ಹಗಲು ನಿದ್ದೆ ಮಾಡುವವರು. ರಂಜಾನ್ ಉಪವಾಸದ ಸಂಜೆಗಳಲ್ಲಿ ಮುಸ್ಲಿಂ ಮನೆಗಳಿಗೆ ಪ್ರಶ್ನೆ ಹಿಡಿದು ಹೋಗಬಾರದು.

ಸರ್ಕಾರಿ ಅಂಕಿಅಂಶ

ಅರ್ಥಶಾಸ್ತ್ರದವರಿಗೆ, ಊರೂರು ತಿರುಗಲು ಅನುಕೂಲ ಇಲ್ಲದವರಿಗೆ ಇದು ಒಳ್ಳೆಯ ದಾರಿ. ಮನೆಯಲ್ಲೇ ಕೂತು, ಖರ್ಚಿಲ್ಲದೆ, ಲಕ್ಷಾಂತರ ಜನರ ಮಾಹಿತಿ ಸಿಗುತ್ತದೆ. ಜನಗಣತಿ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಪಟ್ಟಿಗಳು, ಶಾಲೆಗಳ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯದ ಯುಡೈಸ್ ಪ್ಲಸ್ ದತ್ತಾಂಶ, ಕೇರಳ ಯೋಜನಾ ಮಂಡಳಿಯ ವಾರ್ಷಿಕ ಆರ್ಥಿಕ ಸಮೀಕ್ಷೆ, ಗಲ್ಫ್ ವಲಸೆಗೆ 1998ರಿಂದ ನಡೆಯುತ್ತಿರುವ ಕೇರಳ ವಲಸೆ ಸಮೀಕ್ಷೆ: ಇವಿಷ್ಟರಲ್ಲೇ ಹತ್ತಾರು ಪ್ರಾಜೆಕ್ಟ್‌ಗಳಿವೆ.

ಅಪಾಯ ಇರುವುದು ಗಡಿಗಳಲ್ಲಿ. 1951ರ ಜನಗಣತಿಯಲ್ಲಿ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿ, ಆಮೇಲೆ ಕಾಸರಗೋಡು, ಹೊಸದುರ್ಗ ಎಂದು ಎರಡು ತಾಲೂಕಾಗಿ ಕಣ್ಣೂರು ಜಿಲ್ಲೆಯಲ್ಲಿತ್ತು. ಜಿಲ್ಲೆಯಾದದ್ದು 1984ರ ಮೇ 24ರಂದು, ಆದ್ದರಿಂದ ಜಿಲ್ಲೆಯಾಗಿ ಮೊದಲ ಜನಗಣತಿ 1991ರದ್ದು. 2011ರಲ್ಲೂ ಇದ್ದದ್ದು ಎರಡೇ ತಾಲೂಕು. ಮಂಜೇಶ್ವರ, ವೆಳ್ಳರಿಕುಂಡು ತಾಲೂಕುಗಳು ಆಮೇಲೆ ಬಂದವು. ‘ಮಂಜೇಶ್ವರ ತಾಲೂಕಿನ 2011ರ ಜನಸಂಖ್ಯೆ’ ಎಂದು ಅಂತರ್ಜಾಲದಲ್ಲಿ ಸಿಕ್ಕಿದ್ದನ್ನು ಹಾಗೇ ಇಳಿಸಬೇಡಿ. ಗ್ರಾಮವಾರು ಪಟ್ಟಿಯಿಂದ ಕೂಡಿಸಿಕೊಳ್ಳಬೇಕು.

ಭಾಷೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಜನಗಣತಿಯ ಸಿ-16 ಪಟ್ಟಿ ಹೇಳುವುದು ಮಾತೃಭಾಷೆಯನ್ನು. ತುಳು, ಕೊಂಕಣಿ, ಮರಾಠಿ ಅಲ್ಲಿ ಕನ್ನಡದಿಂದ ಬೇರೆ ಸಾಲುಗಳು. ಆದರೆ ಆ ಮನೆಗಳ ಮಕ್ಕಳಲ್ಲಿ ಬಹಳ ಮಂದಿ ಓದುವುದು ಕನ್ನಡ ಮಾಧ್ಯಮದಲ್ಲಿ. ಕನ್ನಡ ಮಾತೃಭಾಷೆಯವರ ಸಂಖ್ಯೆಯನ್ನು ಹಿಡಿದು ‘ಕನ್ನಡಿಗರು ಇಷ್ಟೇ’ ಎಂದರೆ ಶಾಲೆಯ ಲೆಕ್ಕಕ್ಕೂ ಜನಗಣತಿಯ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ‘ಈ ಅಧ್ಯಯನದಲ್ಲಿ ಕನ್ನಡಿಗರು ಎಂದರೆ ಯಾರು’ ಎಂದು ಮೊದಲ ಅಧ್ಯಾಯದಲ್ಲೇ ನಿಗದಿ ಮಾಡಿ ಕೊನೆಯವರೆಗೂ ಅದನ್ನೇ ಪಾಲಿಸಿ. ಗಡಿನಾಡಿನ ಪ್ರಾಜೆಕ್ಟ್‌ಗಳಲ್ಲಿ ಇದಕ್ಕಿಂತ ಮುಖ್ಯವಾದ ವಾಕ್ಯ ಇನ್ನೊಂದಿಲ್ಲ.

ಶಾಲೆಯ ಮಕ್ಕಳ ಸಂಖ್ಯೆಗೆ ಒಂದು ಒಳ್ಳೆಯ ಮೂಲ ಇದೆ. ಕೇರಳದಲ್ಲಿ ಪ್ರತಿ ಜೂನ್‌ನಲ್ಲಿ ಆರನೇ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ. ಅಧ್ಯಾಪಕ ಹುದ್ದೆಗಳು ಅದರ ಮೇಲೆ ನಿಂತಿವೆ. ಮಂಜೇಶ್ವರ, ಕುಂಬಳೆ, ಕಾಸರಗೋಡು ಉಪಜಿಲ್ಲಾ ಶಿಕ್ಷಣ ಕಚೇರಿಗಳಿಗೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದ ಅರ್ಜಿ ಹಾಕಿ, ಹತ್ತು ವರ್ಷದ ಆರನೇ ದಿನದ ಲೆಕ್ಕವನ್ನು ಶಾಲೆವಾರು, ಮಾಧ್ಯಮವಾರು ಕೇಳಿ. ‘ಮಾಧ್ಯಮವಾರು’ ಎಂಬುದನ್ನು ಬಿಡಬೇಡಿ. ಒಂದೇ ಶಾಲೆಯಲ್ಲಿ ಕನ್ನಡ, ಮಲಯಾಳಂ ಎರಡೂ ವಿಭಾಗ ಇರುವಲ್ಲಿ ಒಟ್ಟು ಸಂಖ್ಯೆ ದಾರಿ ತಪ್ಪಿಸುತ್ತದೆ. ಉತ್ತರಕ್ಕೆ 30 ದಿನದ ಅವಧಿ ಇದೆ, ಮೇಲ್ಮನವಿ ಬೇಕಾದರೆ ಮತ್ತೆ ಅಷ್ಟೇ ಹಿಡಿಯಬಹುದು. ಹಾಗಾಗಿ ಸೆಮಿಸ್ಟರಿನ ಮೊದಲ ವಾರವೇ ಅರ್ಜಿ ಹೋಗಬೇಕು.

ದಾಖಲೆಗಳ ಅಧ್ಯಯನ

ಇತಿಹಾಸ, ರಾಜ್ಯಶಾಸ್ತ್ರದವರಿಗೆ ಸಹಜವಾದ ದಾರಿ. 1966ರಲ್ಲಿ ನೇಮಕವಾಗಿ 1967ರಲ್ಲಿ ರಾಜ್ಯಗಳ ಗಡಿ ವಿವಾದದ ಬಗ್ಗೆ ವರದಿ ಕೊಟ್ಟ ಮಹಾಜನ ಆಯೋಗ, ಭಾಷಾ ಅಲ್ಪಸಂಖ್ಯಾತರ ಮಾತೃಭಾಷಾ ಶಿಕ್ಷಣ ಮತ್ತು ರಕ್ಷಣೆಗೆ ಸಂಬಂಧಿಸಿದ ಸಂವಿಧಾನದ 350ಎ ಮತ್ತು 350ಬಿ ವಿಧಿಗಳು, ಸರ್ಕಾರದೊಂದಿಗೆ ಕನ್ನಡ, ತಮಿಳಿನಲ್ಲಿ ವ್ಯವಹರಿಸಲು ಅವಕಾಶ ಕೊಟ್ಟ ಕೇರಳದ 1969ರ ಆಡಳಿತ ಭಾಷಾ ಕಾಯ್ದೆ, ಶಾಲೆಗಳಲ್ಲಿ ಮಲಯಾಳಂ ಕಲಿಕೆಯನ್ನು ಕಡ್ಡಾಯ ಮಾಡಿದ 2017ರ ಕಾಯ್ದೆ: ಇವನ್ನು ಪಕ್ಕಪಕ್ಕ ಇಟ್ಟು ಓದಿದರೇ ಒಂದು ಪ್ರಾಜೆಕ್ಟ್ ಆಗುತ್ತದೆ. ಪತ್ರಿಕೆಯ ವರದಿ ಓದಿ ಕಾಯ್ದೆಯ ಬಗ್ಗೆ ಬರೆಯಬೇಡಿ. ಕಾಯ್ದೆಯ ಪಠ್ಯವನ್ನೇ ಓದಿ. ಊರಿನ ಶಾಲೆ, ಯುವಕ ಸಂಘಗಳ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಳು ಬೇರೆಲ್ಲೂ ಸಿಗದ ಹೆಸರು, ಇಸವಿ, ಫೋಟೋ ಕೊಡುತ್ತವೆ. ಆದರೆ ಅವು ಸಂಭ್ರಮಕ್ಕೆ ಬರೆದವು, ಜಗಳ, ಸಾಲ, ಬಿಟ್ಟುಹೋದವರ ವಿಷಯ ಅಲ್ಲಿರುವುದು ಅಪರೂಪ.

ನೆನಪಿಗಿಂತ ದಾಖಲೆಯೇ ಮೇಲು ಎನ್ನುವ ಸಂದರ್ಭಗಳೂ ಇವೆ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಲಾಗದೆ ಹೋದದ್ದರ ಬಗ್ಗೆ ಬರೆಯುವವರು ದಿನಾಂಕಗಳನ್ನು ಆಗಿನ ಆದೇಶ, ಪತ್ರಿಕೆಗಳಿಂದ ತೆಗೆಯಲಿ. ಅನುಭವವನ್ನು ಮಾತ್ರ ಜನರಿಂದ ಕೇಳಲಿ.

ಎಂಡೋಸಲ್ಫಾನ್ ಕೀಟನಾಶಕದ ವಿಷಯದಲ್ಲಿ ನಮ್ಮ ಅಭಿಪ್ರಾಯ ಖಚಿತ: ಪದವಿ ಪ್ರಾಜೆಕ್ಟ್‌ಗಾಗಿ ಸಂತ್ರಸ್ತರ ಮನೆಗೆ ಹೋಗಬೇಡಿ. ಆ ಕುಟುಂಬಗಳು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಕ್ಯಾಮೆರಾ, ಅರ್ಜಿ, ಸಮೀಕ್ಷೆಗಳಿಗೆ ಉತ್ತರ ಕೊಟ್ಟು ದಣಿದಿವೆ, ನಿಮ್ಮ ವರದಿಯಿಂದ ಅವರಿಗೆ ಏನೂ ಸಿಗುವುದಿಲ್ಲ. ಗೇರುತೋಟಗಳ ಮೇಲಿನ ವೈಮಾನಿಕ ಸಿಂಪಡಣೆ, ತನಿಖಾ ವರದಿಗಳು, 2011ರ ನಿಷೇಧ, ತಲಾ ಐದು ಲಕ್ಷ ಪರಿಹಾರ ಕೊಡಲು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಎಲ್ಲವೂ ದಾಖಲೆಯಲ್ಲಿವೆ. ಆದೇಶಕ್ಕೂ ಜಾರಿಗೂ ನಡುವಿನ ಅಂತರವನ್ನು ಕಾಗದಗಳಿಂದಲೇ ಬರೆಯಬಹುದು.

ಹೆಸರು, ಒಪ್ಪಿಗೆ

ನಾಲ್ಕರಲ್ಲಿ ಯಾವುದನ್ನು ಆರಿಸಿದರೂ ಜನರನ್ನು ಮಾತನಾಡಿಸುವ ಮೊದಲು ಒಪ್ಪಿಗೆ ಬೇಕು. ಯಾವ ಕಾಲೇಜು, ಯಾವುದಕ್ಕಾಗಿ, ರೆಕಾರ್ಡಿಂಗ್ ಯಾರು ಕೇಳುತ್ತಾರೆ, ಬೇಡವೆಂದರೆ ನಿಲ್ಲಿಸಬಹುದು: ಇಷ್ಟನ್ನು ಅವರ ಭಾಷೆಯಲ್ಲಿ ಹೇಳಿ. ಹದಿನೆಂಟು ತುಂಬದ ಮಕ್ಕಳಾದರೆ ಹೆತ್ತವರ ಒಪ್ಪಿಗೆ, ಶಾಲೆಯೊಳಗಾದರೆ ಮುಖ್ಯೋಪಾಧ್ಯಾಯರ ಅನುಮತಿ ಬೇಕೇ ಬೇಕು. ಹೆಸರು ಬದಲಿಸಿದರೆ ಗುರುತು ಮುಚ್ಚಿತು ಎಂದುಕೊಳ್ಳಬೇಡಿ. ಸಣ್ಣ ಪಂಚಾಯತಿನ ‘ನಿವೃತ್ತ ಮುಖ್ಯೋಪಾಧ್ಯಾಯಿನಿ, ಕೊಂಕಣಿ ಮನೆಮಾತು, 62 ವರ್ಷ’ ಎಂದರೆ ಊರಿಗೆಲ್ಲ ಗೊತ್ತಾಗುತ್ತದೆ. ಮೂರರಲ್ಲಿ ಎರಡು ವಿವರವನ್ನಾದರೂ ಸಡಿಲಿಸಿ. ಪಂಚಾಯತಿನ ಹೆಸರಿನ ಬದಲು ‘ಗಡಿಭಾಗದ ಒಂದು ಪಂಚಾಯತು’ ಎನ್ನಿ.

ಎರಡನ್ನು ಕೂಡಿಸುವುದಾದರೆ

ಸಮೀಕ್ಷೆ ಮತ್ತು ಸಂದರ್ಶನ ಎರಡನ್ನೂ ಮಾಡುತ್ತೇನೆ ಎಂಬ ಉತ್ಸಾಹ ಒಂದು ಸೆಮಿಸ್ಟರಿನಲ್ಲಿ ಸಾಮಾನ್ಯವಾಗಿ ಎರಡನ್ನೂ ಅರ್ಧಕ್ಕೆ ನಿಲ್ಲಿಸುತ್ತದೆ. ಕೂಡಿಸುವುದಿದ್ದರೆ ಸರ್ಕಾರಿ ಅಂಕಿಅಂಶದ ಜೊತೆ ಆರೇಳು ಸಂದರ್ಶನ ಒಳ್ಳೆಯ ಜೋಡಿ: ಆರನೇ ದಿನದ ಲೆಕ್ಕದಲ್ಲಿ ಯಾವ ಶಾಲೆಯಲ್ಲಿ ಸಂಖ್ಯೆ ಬಿದ್ದಿದೆ, ಯಾವುದರಲ್ಲಿ ನಿಂತಿದೆ ಎಂದು ನೋಡಿ, ಆ ಎರಡು ಶಾಲೆಗಳ ಸುತ್ತಲಿನ ಮನೆಗಳಿಗೆ ಹೋಗುವುದು. ಈಗಾಗಲೇ ಗೂಗಲ್ ಫಾರ್ಮ್ ಹರಿಯಬಿಟ್ಟು ಸಬ್ಮಿಷನ್‌ಗೆ ಆರು ವಾರ ಮಾತ್ರ ಉಳಿದಿದ್ದರೂ ದಾರಿ ಇದೆ. ಬಂದ ಉತ್ತರಗಳನ್ನು ಶೇಕಡಾವಾರಿಗೆ ಬಳಸದೆ, ಅದರಿಂದ ಒಂದಕ್ಕೊಂದು ಭಿನ್ನವಾದ ಎಂಟು ಮಂದಿಯನ್ನು ಆರಿಸಿ ಫೋನ್ ಮಾಡಿ. ಮೊದಲ ಎರಡು ವಾರ ಸಂದರ್ಶನ, ಅದೇ ಹೊತ್ತಿಗೆ ಬರಹಕ್ಕಿಳಿಸುವುದು. ಮೂರನೇ ವಾರ ಗುರುತು ಹಾಕುವುದು. ಉಳಿದ ಮೂರು ವಾರ ಬರೆಯುವುದು. ವಿಧಾನದ ಅಧ್ಯಾಯದಲ್ಲಿ ಫಾರ್ಮ್‌ನ ವಿಷಯವನ್ನು ಮುಚ್ಚಿಡಬೇಡಿ. ಸಂದರ್ಶನಕ್ಕೆ ಜನರನ್ನು ಹುಡುಕಲು ಅದನ್ನು ಬಳಸಿದೆ ಎಂದು ಬರೆದು, ಎಷ್ಟು ಉತ್ತರ ಬಂತು, ಅದರಲ್ಲಿ ಎಂಟು ಮಂದಿಯನ್ನು ಹೇಗೆ ಆರಿಸಿದಿರಿ ಎಂಬುದನ್ನು ತಿಳಿಸಿ.